ಪದ ಪರಿಚಯ: ಅಪರಾಧ ಹೊಣೆಗಾರಿಕೆ

ಬೆಳಗಾವಿ ಕೋರ್ಟಿನ ಸುತ್ತಮುತ್ತ ಚಹಾ ಕುಡಿಯುತ್ತ ನಿಂತರೆ ‘ಅವಂಗ ತಲಿ ಸರಿ ಇರಲಿಲ್ರೀ’ ಅನ್ನೋ ಮಾತು ಕಿವಿಗೆ ಬೀಳುವುದುಂಟು. ಕುಡಿದು ಹೊಡೆದವನ ಕಡೆಯವರೂ ಹಾಗೇ ಹೇಳುತ್ತಾರೆ, ನಿಜಕ್ಕೂ ಕಾಯಿಲೆ ಇದ್ದವನ ಕಡೆಯವರೂ ಹಾಗೇ ಹೇಳುತ್ತಾರೆ. ಕಾನೂನು ಇವರಿಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಕೆಲಸ ಯಾರ ಕೈಯಿಂದ ಆಯಿತು ಅನ್ನುವುದರ ಜೊತೆಗೆ, ಆ ಹೊತ್ತಿಗೆ ಅವನ ಮನಸ್ಸು ಹೇಗಿತ್ತು ಅಂತಲೂ ಕೇಳುತ್ತದೆ. ಈ ಎರಡನ್ನೂ ನೋಡಿ, ಮಾಡಿದ ಅಪರಾಧಕ್ಕೆ ಅವನನ್ನು ಹೊಣೆ ಮಾಡಬಹುದೇ ಅನ್ನುವುದೇ ಅಪರಾಧ ಹೊಣೆಗಾರಿಕೆ. ಏಳು ವರ್ಷದೊಳಗಿನ ಮಗುವಿಗೆ ಈ ಹೊಣೆ ಇಲ್ಲ. ತಾನಾಗಿ ಕುಡಿದವನಿಗೆ ಆ ರಿಯಾಯಿತಿ ಸಿಗುವುದಿಲ್ಲ.

ಮಾನಸಿಕ ಕಾಯಿಲೆಯ ವಿಷಯಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಇದೆ. 2024ರ ಜುಲೈಗೆ ಮುಂಚೆ ಇದೇ ಮಾತು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 84ನೇ ಕಲಮಿನಲ್ಲಿತ್ತು. ಮೂಲ ಇನ್ನೂ ಹಳೆಯದು: 1843ರಲ್ಲಿ ಲಂಡನ್ನಿನಲ್ಲಿ ಮ್ಯಾಕ್‌ನಾಟನ್ ಎಂಬಾತ ಪ್ರಧಾನಿಯ ಕಾರ್ಯದರ್ಶಿಗೆ ಗುಂಡು ಹೊಡೆದ ಪ್ರಕರಣ. ಕಲಂ ಕೇಳುವುದು ಇಷ್ಟೇ: ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಅಂತ ತಿಳಿಯುವ ಶಕ್ತಿ ಅವನಿಗಿತ್ತೇ?

ತಿಳಿದಿದ್ದೂ ತಡೆದುಕೊಳ್ಳಲು ಆಗದಿದ್ದರೆ? ಮಿದುಳು ವಿಜ್ಞಾನ ಕೆಣಕುವುದು ಇಲ್ಲಿಯೇ. ಅಮೆರಿಕದ ವರ್ಜೀನಿಯಾದಲ್ಲಿ ಒಬ್ಬ ಶಿಕ್ಷಕನಿಗೆ ನಲವತ್ತರ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ಕೆಟ್ಟ ಆಸೆ ಹುಟ್ಟಿತು. ತಪ್ಪು ಅಂತ ಅವನಿಗೆ ಗೊತ್ತಿತ್ತು. ತಲೆನೋವೆಂದು ಆಸ್ಪತ್ರೆಗೆ ಹೋದಾಗ ಹಣೆಯ ಹಿಂದಿನ ಮಿದುಳಿನ ಭಾಗದಲ್ಲಿ ದೊಡ್ಡ ಗಡ್ಡೆ ಸಿಕ್ಕಿತು. ಅದನ್ನು ತೆಗೆದರು, ಆಸೆ ಹೋಯಿತು. ಗಡ್ಡೆ ಮತ್ತೆ ಬೆಳೆಯಿತು, ಆಸೆಯೂ ಬಂತು. ಇಂಥವನು ನಮ್ಮ 22ನೇ ಕಲಮಿನ ಮುಂದೆ ನಿಂತರೆ? ಗೊತ್ತಿತ್ತಲ್ಲ, ಹಾಗಾದರೆ ಹೊಣೆಗಾರ. ನನಗೆ ಇದು ಕಲಮಿನ ಕೊರತೆಯಾಗಿಯೇ ಕಾಣುತ್ತದೆ.

ಹಾಗಂತ ‘ಎಲ್ಲಾ ಮಿದುಳೇ ಮಾಡಿಸುತ್ತೆ, ಯಾರದೂ ತಪ್ಪಿಲ್ಲ’ ಅನ್ನುವವರ ಜೊತೆಗೂ ನಾನಿಲ್ಲ. ಅವರು ಜಾಸ್ತಿ ಎತ್ತಿ ಹಿಡಿಯುವುದು ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗವನ್ನು. ಕೈ ಅಲ್ಲಾಡಿಸಬೇಕು ಅಂತ ಮನಸ್ಸಿಗೆ ಹೊಳೆಯುವ ಮೊದಲೇ, ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಮುಂಚೆ, ಮಿದುಳು ಸಿದ್ಧವಾಗಿರುತ್ತದೆ ಅಂತ ಅದು ತೋರಿಸಿತು. ಆದರೆ ಸುಮ್ನೆ ಕೈ ಅಲ್ಲಾಡಿಸುವುದೇ ಬೇರೆ, ಹೊಲದ ಬದುವಿನ ಜಗಳಕ್ಕೆ ತಿಂಗಳುಗಟ್ಟಲೆ ಹೊಂಚು ಹಾಕುವುದೇ ಬೇರೆ, ಅಲ್ವಾ? ತತ್ವಜ್ಞಾನಿ ಡೇವಿಡ್ ಹ್ಯೂಮ್ ಹಿಂದೆಯೇ ಹೇಳಿದ್ದ: ಕೆಲಸಕ್ಕೆ ಕಾರಣವಿದ್ದ ಮಾತ್ರಕ್ಕೆ ಸ್ವಾತಂತ್ರ್ಯ ಹೋಗುವುದಿಲ್ಲ, ಬೇರೆಯವರ ಬಲವಂತವಿಲ್ಲದೆ ನಿನ್ನ ಇಚ್ಛೆಯಂತೆ ಮಾಡಿದ್ದರೆ ಅದು ನಿನ್ನದೇ.

ಇನ್ನು ಮಿದುಳಿನ ಸ್ಕ್ಯಾನ್. ಇವತ್ತು ತೆಗೆದ ಚಿತ್ರ ಆ ರಾತ್ರಿಯ ಮನಸ್ಸನ್ನು ತೋರಿಸದು. ಒಪ್ಪಿಗೆಯಿಲ್ಲದೆ ಬ್ರೇನ್ ಮ್ಯಾಪಿಂಗ್ (ಮಿದುಳಿನ ಅಲೆಗಳನ್ನು ಅಳೆದು ಆರೋಪಿಗೆ ಏನು ಗೊತ್ತಿದೆ ಅಂತ ಹುಡುಕುವ ಪರೀಕ್ಷೆ) ಮಾಡುವಂತಿಲ್ಲ ಅಂತ ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಹಾಗಾಗಿ ಕೋರ್ಟ್ ನೋಡುವುದು ನಡತೆಯನ್ನು: ಕೊಡಲಿ ಬಚ್ಚಿಟ್ಟನೇ, ಓಡಿದನೇ, ಹಿಂದೆ ಚಿಕಿತ್ಸೆ ಪಡೆದ ಚೀಟಿಗಳಿವೆಯೇ. ಕಾಯಿಲೆಯಿತ್ತು ಅಂತ ತೋರಿಸುವ ಭಾರ ಆರೋಪಿಯ ಮೇಲೆ. ತೋರಿಸಿ ಖುಲಾಸೆಯಾದರೂ ಸೀದಾ ಬಿಟ್ಟುಬಿಡುವುದಿಲ್ಲ. ಒಂದೋ ಸುರಕ್ಷಿತ ಜಾಗದಲ್ಲಿ ಇಡುತ್ತಾರೆ, ಇಲ್ಲವೇ ನೋಡಿಕೊಳ್ಳುತ್ತೇವೆ ಅಂತ ಬರೆದುಕೊಟ್ಟ ಬಂಧುಗಳ ಕೈಗೆ ಒಪ್ಪಿಸುತ್ತಾರೆ.