ಕೊಡಗಿನಲ್ಲೇ ಇದ್ದುಕೊಂಡು ವಿಡಿಯೋ ಗೇಮ್‌ಗಳಿಗೆ ಸಂಗೀತ ನೀಡಿ ಬದುಕಬಹುದೇ?

ಪ್ರಶ್ನೆ: ಮಗ ಬಿ.ಕಾಂ. ಮುಗಿಸಿದ್ದಾನೆ. ಲ್ಯಾಪ್‌ಟಾಪ್ ಮತ್ತು ಚಿಕ್ಕದೊಂದು ಕೀಬೋರ್ಡ್ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿರುತ್ತಾನೆ. ವಿಡಿಯೋ ಗೇಮ್‌ಗಳಿಗೆ ಸಂಗೀತ ಸಂಯೋಜಿಸುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ, ಅದಕ್ಕೆ ಬೆಂಗಳೂರಿಗೂ ಹೋಗಬೇಕಾಗಿಲ್ಲ ಎನ್ನುತ್ತಾನೆ. ಇದು ನಂಬುವ ಮಾತೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬೆಂಗಳೂರಿಗೆ ಹೋಗಬೇಕಾಗಿಲ್ಲ ಎಂಬ ಮಾತು ನಿಜ. ಸಂಗೀತವು ಫೈಲ್ ರೂಪದಲ್ಲಿ ಹೋಗುವುದರಿಂದ ಅದನ್ನು ಮಾಡಿದವರು ಯಾವ ಊರಿನಲ್ಲಿದ್ದಾರೆ ಎಂಬುದನ್ನು ಗೇಮ್ ತಯಾರಿಸುವವರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಪುಣೆಯ ಸ್ಟುಡಿಯೋವೊಂದು ನಮ್ಮ ಪುರಾಣಗಳ ಹಿನ್ನೆಲೆಯಲ್ಲಿ ರೂಪಿಸಿ 2020ರಲ್ಲಿ ಬಿಡುಗಡೆ ಮಾಡಿದ 'ರಾಜಿ' ಗೇಮ್‌ಗೆ ಸಂಗೀತ ನೀಡಿದವರು ಗ್ರೀಸ್ ದೇಶದ ಲಿನೋಸ್ ಝೆಲೋಸ್. ಗ್ರೀಸ್‌ನವರು ಪುಣೆಗೆ ಸಂಗೀತ ಕೊಡಬಹುದಾದರೆ ವಿರಾಜಪೇಟೆಯವರು ಯುರೋಪಿಗೆ ಕೊಡುವುದಕ್ಕೂ ಅಡ್ಡಿಯಿಲ್ಲ. ಆದರೆ ಅದೇ ಕಾರಣಕ್ಕೆ ಪೈಪೋಟಿಯೂ ಇಡೀ ಲೋಕದೊಡನೆ ನಡೆಯುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಇದೊಂದರಿಂದಲೇ ಮನೆ ನಡೆಯುತ್ತದೆಂದು ಲೆಕ್ಕ ಹಾಕುವುದು ಸರಿಯಲ್ಲ. ಜಾಹೀರಾತಿನ ಸಂಗೀತ, ಮದುವೆ ವಿಡಿಯೋಗಳ ಎಡಿಟಿಂಗ್, ಕೀಬೋರ್ಡ್ ಪಾಠ, ಹೀಗೆ ಜೊತೆಗೊಂದು ಸಂಪಾದನೆ ಇರಬೇಕಾಗುತ್ತದೆ.

ಈ ಕ್ಷೇತ್ರದ ಮಾತು ಬಂದಾಗಲೆಲ್ಲ ಉದಾಹರಣೆಯಾಗಿ ಕೇಳಿಬರುವ ಹೆಸರು ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್ ಅವರದು. 'ಸಿ418' ಎಂಬ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದ ಅವರು, ಸ್ವೀಡನ್ನಿನ ಒಬ್ಬ ಪ್ರೋಗ್ರಾಮರ್ ತನ್ನ ಪಾಡಿಗೆ ಕಟ್ಟುತ್ತಿದ್ದ 'ಮೈನ್‌ಕ್ರಾಫ್ಟ್' ಎಂಬ ಗೇಮ್‌ಗೆ ಸಂಗೀತ ನೀಡಿದರು. 2011ರಲ್ಲಿ ಅದನ್ನು ತಾವೇ ಆಲ್ಬಂ ಆಗಿ ಹೊರತಂದರು. 2014ರಲ್ಲಿ ಮೈಕ್ರೋಸಾಫ್ಟ್ ಆ ಗೇಮ್‌ನ ಸಂಸ್ಥೆಯನ್ನೇ 250 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಾಗಲೂ ಸಂಗೀತದ ಹಕ್ಕು ರೋಸೆನ್‌ಫೆಲ್ಡ್ ಅವರ ಬಳಿಯೇ ಉಳಿಯಿತು. 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಆಲ್ಬಂ ಅನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಒಬ್ಬ ಪ್ರೋಗ್ರಾಮರ್‌ನ ಹವ್ಯಾಸದ ಗೇಮ್ ಲೋಕಪ್ರಸಿದ್ಧವಾಗುವುದು ಅದೃಷ್ಟದ ಮಾತು, ಅದನ್ನು ಯಾರೂ ಅನುಕರಿಸಲಾಗದು. ಹಕ್ಕನ್ನು ಬಿಟ್ಟುಕೊಡದೆ ಉಳಿಸಿಕೊಂಡ ಕ್ರಮವನ್ನು ಮಾತ್ರ ಯಾರು ಬೇಕಾದರೂ ಅನುಸರಿಸಬಹುದು. ನನ್ನ ಮಟ್ಟಿಗೆ ನಿಮ್ಮ ಮಗ ಗಮನಿಸಬೇಕಾದದ್ದು ಇದನ್ನೇ.

ಹಕ್ಕಿನ ವಿಚಾರಕ್ಕೆ ಬರುವ ಮೊದಲು ಕೆಲಸದ ಸ್ವರೂಪವನ್ನು ಹೇಳಬೇಕು. ಸಿನಿಮಾದ ದೃಶ್ಯ ಎಷ್ಟು ಸೆಕೆಂಡ್ ಇದೆ ಎಂಬುದು ಸಂಯೋಜಕನಿಗೆ ಮೊದಲೇ ಗೊತ್ತಿರುತ್ತದೆ. ಗೇಮ್‌ನಲ್ಲಿ ಆಟಗಾರನು ಒಂದೇ ಸೇತುವೆಯ ಮೇಲೆ ಹತ್ತು ಸೆಕೆಂಡ್ ನಿಲ್ಲಬಹುದು, ಅರ್ಧ ಗಂಟೆಯೂ ನಿಲ್ಲಬಹುದು. ಆದ್ದರಿಂದ ಸಂಗೀತವನ್ನು ಒಂದು ಹಾಡಿನಂತೆ ಮುಗಿಸಿ ಕೊಡುವುದಕ್ಕಿಂತ, ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆಯಬಹುದಾದ ಪದರಗಳಾಗಿ ಕೊಡುವುದು ವಾಡಿಕೆ. ಉದಾಹರಣೆಗೆ, ಕಾಡಿನಲ್ಲಿ ನಡೆಯುವಾಗ ಸಿಂಥಸೈಜರ್‌ನ ತೆಳುವಾದ ಶ್ರುತಿಯೊಂದೇ ಕೇಳಿಸುತ್ತಿರುತ್ತದೆ. ಶತ್ರು ಹತ್ತಿರವಾದಂತೆ ದುಡಿಯ ಪೆಟ್ಟಿನ ಪದರ ಅದರ ಮೇಲೆ ಏರುತ್ತದೆ. ಹೋರಾಟ ಶುರುವಾದಾಗ ಕೊಂಬಿನ ಪದರ ಕೂಡಿಕೊಳ್ಳುತ್ತದೆ. ಮೂರೂ ಒಂದೇ ಗತಿಯಲ್ಲಿ, ಒಂದೇ ಶ್ರುತಿಯಲ್ಲಿ, ಒಂದೇ ಉದ್ದದಲ್ಲಿ ಇರಬೇಕು. ಹೀಗೆ ಆಟಕ್ಕೆ ತಕ್ಕಂತೆ ಬದಲಾಗುವ ಸಂಗೀತಕ್ಕೆಂದೇ ಲ್ಯೂಕಸ್‌ಆರ್ಟ್ಸ್ ಸಂಸ್ಥೆಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ರೂಪಿಸಿದ ವ್ಯವಸ್ಥೆ 1991ರಷ್ಟು ಹಿಂದೆಯೇ 'ಮಂಕಿ ಐಲ್ಯಾಂಡ್ 2'ರಲ್ಲಿ ಬಳಕೆಯಾಗಿತ್ತು. ಈಗ ಎಫ್‌ಮಾಡ್, ವೈಸ್ ಎಂಬ ತಂತ್ರಾಂಶಗಳು ಈ ಕೆಲಸಕ್ಕೆ ಬಳಕೆಯಲ್ಲಿವೆ. ಇವೆರಡರಲ್ಲಿ ಒಂದನ್ನಾದರೂ ಚೆನ್ನಾಗಿ ಕಲಿತ ಸಂಯೋಜಕನಿಗೆ, ಬರಿಯ ಟ್ಯೂನ್ ಕಳಿಸುವವನಿಗಿಂತ ಕೆಲಸ ಸಿಗುವ ಸಂಭವ ಹೆಚ್ಚು.

ಚಿಕ್ಕ ತಾಂತ್ರಿಕ ಸಂಗತಿಯೊಂದರಿಂದ ಒಬ್ಬನ ಅನುಭವ ಎಷ್ಟೆಂದು ತಿಳಿದುಬಿಡುತ್ತದೆ. ಒಂದೂವರೆ ನಿಮಿಷದ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತಿ ನುಡಿಯುವ ಸಂಗೀತದ ತುಣುಕು, ಕೊನೆ ಮುಟ್ಟಿ ಮತ್ತೆ ಆರಂಭವಾಗುವಾಗ ಸಂದು ಕೇಳಿಸಬಾರದು. ಕೊನೆಯ ಸ್ವರದ ಅನುರಣನವನ್ನು ಅಲ್ಲಿಯೇ ಕತ್ತರಿಸಿದರೆ ಕಿವಿಗೆ ತಟ್ಟನೆ ಹೊಡೆಯುತ್ತದೆ. ಆ ಬಾಲದಷ್ಟನ್ನು ತೆಗೆದು ಲೂಪಿನ ಆರಂಭದ ಮೇಲೆ ಬೆರೆಸಬೇಕು. ಫೈಲನ್ನು ಎಂಪಿ3 ಮಾಡಿ ಕಳಿಸಿದರಂತೂ, ಆ ವಿಧಾನವು ಮೊದಲಲ್ಲಿ ಮತ್ತು ಕೊನೆಯಲ್ಲಿ ಚೂರು ಮೌನವನ್ನು ಸೇರಿಸುವುದರಿಂದ, ಪ್ರತಿ ಸುತ್ತಿಗೂ ಒಂದು ಎಡವು ಕೇಳಿಸುತ್ತದೆ. ಹಾಗಾಗಿ ವೇವ್ (WAV) ಅಥವಾ ಆಗ್ (OGG) ಎಂಬ ಫೈಲ್ ರೂಪದಲ್ಲೇ ಕೊಡುತ್ತಾರೆ.

ಮೊದಲ ಅವಕಾಶ ಸಾಮಾನ್ಯವಾಗಿ ಗೇಮ್ ಜ್ಯಾಮ್‌ಗಳಿಂದ ಬರುತ್ತದೆ. 2009ರಿಂದ ಪ್ರತಿವರ್ಷ ನಡೆಯುತ್ತಿರುವ ಗ್ಲೋಬಲ್ ಗೇಮ್ ಜ್ಯಾಮ್‌ನಂಥ ಕೂಟಗಳಲ್ಲಿ ಅಪರಿಚಿತರು ತಂಡ ಕಟ್ಟಿ ಕೆಲವೇ ದಿನಗಳಲ್ಲಿ ಪುಟ್ಟ ಗೇಮ್ ಮುಗಿಸುತ್ತಾರೆ. ಅಲ್ಲಿ ಹಣವಿಲ್ಲ, ಆದರೆ ಆಡಿ ತೋರಿಸಬಹುದಾದ ಕೆಲಸ ಕೈಯಲ್ಲಿರುತ್ತದೆ.

ಇನ್ನು ಕರಾರು. ಈ ಕೆಲಸಕ್ಕೆ ಸಿದ್ಧಗೊಂಡ ಸಂಗೀತದ ನಿಮಿಷಕ್ಕೆ ಇಷ್ಟೆಂದು ದರ ಹೇಳುವುದು ರೂಢಿ. ದರಕ್ಕಿಂತ ಮುಖ್ಯವಾದದ್ದು, ಆ ಹಣಕ್ಕೆ ಏನನ್ನು ಕೊಡುತ್ತಿದ್ದೇವೆ ಎಂಬುದು. ತೋಟವನ್ನೇ ಕ್ರಯಕ್ಕೆ ಬರೆದುಕೊಡುವುದಕ್ಕೂ, ಒಂದು ವರ್ಷದ ಮೆಣಸಿನ ಫಸಲನ್ನು ಗುತ್ತಿಗೆಗೆ ಕೊಡುವುದಕ್ಕೂ ಇರುವ ಅಂತರ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಹಕ್ಕಿನ ವರ್ಗಾವಣೆಗೂ ಲೈಸೆನ್ಸಿಗೂ ಇರುವುದು ಅದೇ ಅಂತರ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸಂಬಳದ ನೌಕರನಾಗಿ ಮಾಡಿದ ಸಂಗೀತಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನೇ ಮೊದಲ ಹಕ್ಕುದಾರ. 19ನೇ ಕಲಂ ಇನ್ನೂ ಉಪಯುಕ್ತವಾದದ್ದು: ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಪತ್ರದಲ್ಲಿ ಅವಧಿ ಹೇಳಿರದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶ ಹೇಳಿರದಿದ್ದರೆ ಭಾರತಕ್ಕೆ ಸೀಮಿತ ಎಂದೂ ಭಾವಿಸಲಾಗುತ್ತದೆ. ವಿದೇಶಿ ಸ್ಟುಡಿಯೋಗಳ ಕರಾರುಗಳಲ್ಲಿ ಮಾತ್ರ ಆ ದೇಶದ ಕಾನೂನೇ ಅನ್ವಯವಾಗುತ್ತದೆ ಎಂಬ ಸಾಲು ಹೆಚ್ಚಾಗಿ ಇರುವುದರಿಂದ ಇದನ್ನೇ ನಂಬಿ ಕೂರುವಂತಿಲ್ಲ. ಎಲ್ಲ ಹಕ್ಕನ್ನೂ ಕೇಳುವ ಸ್ಟುಡಿಯೋ ಎದುರಾದರೆ, ಆಲ್ಬಂ ಬಿಡುಗಡೆಯ ಹಕ್ಕನ್ನಾದರೂ ಉಳಿಸಿಕೊಳ್ಳಲು ಕೇಳಬೇಕು. ಚಿಕ್ಕ ತಂಡಗಳು ಇದಕ್ಕೆ ಒಪ್ಪುವುದುಂಟು.

ಕೊಡಗಿನಲ್ಲಿ ಕುಳಿತು ಈ ಕೆಲಸ ಮಾಡುವವರಿಗೆ ಮಳೆಗಾಲದ್ದೇ ದೊಡ್ಡ ತೊಡಕು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಇನ್ವರ್ಟರ್ ಬೇಕೇ ಬೇಕು. ಆ ತಿಂಗಳುಗಳಲ್ಲಿ ಫೈಲ್ ಕೊಡುವ ದಿನಾಂಕವನ್ನು ಒಪ್ಪಿಕೊಳ್ಳುವಾಗ ಎರಡು-ಮೂರು ದಿನ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಶೀಟಿನ ಮಾಡಿನ ಕೆಳಗೆ ಮೈಕ್ ಇಟ್ಟು ಹಾಡು ರೆಕಾರ್ಡ್ ಮಾಡುವುದಂತೂ ಆಗದ ಮಾತು, ಆ ಮಳೆಯ ಸದ್ದನ್ನೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದು.

ಇಲ್ಲಿನ ವಾದ್ಯಗಳನ್ನು ಬಳಸುವ ಆಸೆ ನಿಮ್ಮ ಮಗನಿಗೆ ಇದ್ದರೆ ಒಂದು ಎಚ್ಚರಿಕೆ ಅಗತ್ಯ. ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ 'ಪಟ್ಟೋಲೆ ಪಳಮೆ'ಯಲ್ಲಿ ಸಂಗ್ರಹಿಸಿ ಪ್ರಕಟಿಸಿದಂಥ ಪಾರಂಪರಿಕ ಹಾಡುಗಳಿಗೆ ಒಬ್ಬ ಕರ್ತೃ ಎಂಬುವನಿಲ್ಲ. ಆದರೆ ಅವನ್ನು ಇಂದು ಹಾಡಿ ನುಡಿಸುವವರಿಗೆ ಕಲಾವಿದರ ಹಕ್ಕೂ, ಅವರ ಧ್ವನಿಮುದ್ರಣಕ್ಕೆ ಪ್ರತ್ಯೇಕ ಹಕ್ಕೂ ಕಾಯ್ದೆಯಲ್ಲಿವೆ. ಯೂಟ್ಯೂಬಿನಿಂದ ದುಡಿಕೊಟ್ಟ್ ಪಾಟಿನ (ದುಡಿ ಬಡಿಯುತ್ತ ಹಾಡುವ ಹಾಡಿನ) ತುಣುಕನ್ನು ಎತ್ತಿ ಗೇಮ್‌ಗೆ ಹಾಕಿದರೆ, ಆಕ್ಷೇಪ ಬಂದ ದಿನ ಸ್ಟುಡಿಯೋ ಆ ಸಂಗೀತವನ್ನೂ ಸಂಯೋಜಕನನ್ನೂ ಒಟ್ಟಿಗೆ ಕೈಬಿಡುತ್ತದೆ. ನುಡಿಸುವವರನ್ನು ಕರೆಸಿ, ಸಂಭಾವನೆ ಕೊಟ್ಟು, ಗೇಮ್‌ನಲ್ಲಿ ಬಳಸುವ ವಿಷಯ ತಿಳಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಪಡೆದ ಮೇಲೆಯೇ ಮೈಕ್ ಹಚ್ಚಲಿ.