ಬಿಸಿಯಾದಾಗ ಮುನಿಸಿಕೊಳ್ಳುವ ಕ್ಲಚ್

ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಅರ್ಧ ಗಂಟೆ ಸೊಗಸಾಗಿ ಹುಲ್ಲು ಕತ್ತರಿಸುತ್ತದೆ. ನಡುವೆ ಬ್ಲೇಡ್ ನಿಲ್ಲಿಸಿ ಮತ್ತೆ ಸ್ವಿಚ್ ಹಾಕಿದರೆ 'ಟಕ್' ಎಂಬ ಸದ್ದೇ ಇಲ್ಲ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ. ಎಂಜಿನ್ನಿನ ತಿರುಗುವಿಕೆಯನ್ನು ಬ್ಲೇಡಿಗೆ ಜೋಡಿಸಿ ಬಿಡಿಸುವುದು ವಿದ್ಯುತ್ ಕ್ಲಚ್. ಅದರೊಳಗಿನ ತಾಮ್ರದ ತಂತಿಯ ಸುರುಳಿಯೇ ಕಾಯಿಲ್. 'ಕಾಯಿಲ್ ಸುಟ್ಟಿದೆ, ಕ್ಲಚ್ಚನ್ನೇ ಬದಲಿಸಿ' ಎಂಬ ತೀರ್ಪು ತಕ್ಷಣ ಬರುತ್ತದೆ. ಸುಟ್ಟದ್ದು ತಣ್ಣಗಾದರೆ ಬದುಕೀತೇ? ಬಹಳ ಸಲ ಇಲ್ಲಿ ಅಪರಾಧಿ ಕಾಯಿಲ್ ಅಲ್ಲ, ಗಾಳಿ.

ವಿದ್ಯುತ್ ಕ್ಲಚ್ಚಿನಲ್ಲಿ ಎಂಜಿನ್ ಜೊತೆ ಸದಾ ತಿರುಗುವ ರೋಟರ್ ಇರುತ್ತದೆ. ಅದರೆದುರಿಗೆ, ಬೆಲ್ಟಿನ ಪುಲ್ಲಿಗೆ ಸೇರಿದ ಉಕ್ಕಿನ ತಟ್ಟೆ. ಕಾಯಿಲಿನಲ್ಲಿ ಕರೆಂಟ್ ಹರಿದರೆ ಅದು ಆಯಸ್ಕಾಂತವಾಗಿ, ತಟ್ಟೆ ರೋಟರಿಗೆ ಅಂಟುತ್ತದೆ. ನಿಂತರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆದು ಬ್ರೇಕಿಗೆ ಒತ್ತುತ್ತದೆ. ಆಗ ತಟ್ಟೆ, ರೋಟರುಗಳ ನಡುವೆ ಸಾಮಾನ್ಯವಾಗಿ 0.3ರಿಂದ 0.4 ಮಿ.ಮೀ. ಅಂತರ. ಕಬ್ಬಿಣದಲ್ಲಿ ಸಲೀಸಾಗಿ ಹಾಯುವ ಕಾಂತಬಲಕ್ಕೆ ಗಾಳಿಯೆಂದರೆ ಕೆಸರುಗದ್ದೆ. ಅಂತರ ದುಪ್ಪಟ್ಟಾದರೆ ಸೆಳೆತ ಹೆಚ್ಚುಕಡಿಮೆ ಕಾಲು ಭಾಗಕ್ಕಿಳಿಯುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಆಯಸ್ಕಾಂತದ ಕೆಳಗೆ ಒಂದೊಂದೇ ಹಾಳೆ ಸೇರಿಸುತ್ತ ಹೋಗಿ: ಒಂದು ಹಂತದಲ್ಲಿ ಜಾರಿ ಬೀಳುತ್ತದೆ. ಬಾವಿಗೆ ಬಿದ್ದವನನ್ನು ಮೇಲೆತ್ತುವವನಿಗೂ ಕೈ ಸಿಕ್ಕ ಮೇಲೆ ಭಾರ ಲೆಕ್ಕಕ್ಕಿಲ್ಲ, ಕೈ ಸಿಗುವವರೆಗೇ ಪರದಾಟ. ಅದಕ್ಕೇ ಒಮ್ಮೆ ಅಂಟಿದ ತಟ್ಟೆ ಬಿಸಿಯಲ್ಲೂ ಬಿಡುವುದಿಲ್ಲ. ಬಿಟ್ಟದ್ದು ಮಾತ್ರ ಮತ್ತೆ ಅಂಟುವುದಿಲ್ಲ.

ಇನ್ನು ಶಾಖದ ಪಾಲು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39% ಏರುತ್ತದೆ. 80 ಡಿಗ್ರಿ ಬಿಸಿಯೇರಿದರೆ 3 ಓಮ್ ಕಾಯಿಲ್ 3.9 ಓಮ್ ಆಗುತ್ತದೆ. 12 ವೋಲ್ಟಿನಲ್ಲಿ 4 ಆಂಪಿಯರ್ ಇದ್ದದ್ದು 3ರ ಆಸುಪಾಸಿಗೆ ಬರುತ್ತದೆ. ಸೆಳೆತ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿಯುವುದು 60% ಮಾತ್ರ. ಸವೆದು ಹಿಗ್ಗಿದ ಅಂತರಕ್ಕೆ ಇದು ಸಾಲದು.

1824ರಲ್ಲಿ, ವಿದ್ಯುತ್ಕಾಂತವನ್ನು ಮೊದಲು ಮಾಡಿದ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳಾಕಾರದ ಕಬ್ಬಿಣಕ್ಕೆ 18 ಸುತ್ತು ಬರಿ ತಾಮ್ರದ ತಂತಿ ಸುತ್ತಿ, 200 ಗ್ರಾಂ ತೂಕದ ಆ ತುಂಡಿನಿಂದ 4 ಕಿಲೋ ಎತ್ತಿದ್ದ. ಚಮ್ಮಾರನ ಮಗ, ತಾನೂ ಅದೇ ಕಸುಬು ಕಲಿತವನು. ಅವನ ಲಾಳವೂ ಕಬ್ಬಿಣಕ್ಕೆ ತಾಗಿದ್ದಾಗಲಷ್ಟೇ ಅಷ್ಟು ಗಟ್ಟಿ.

ಕೆಲಸಕ್ಕಿಳಿಯುವ ಮುನ್ನ ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ. ಕ್ಲಚ್ಚಿನ ಕನೆಕ್ಟರ್ ಬಿಚ್ಚಿ ಕಾಯಿಲ್ ಅಳೆಯಿರಿ: ಸಾಮಾನ್ಯವಾಗಿ 2ರಿಂದ 4 ಓಮ್. ಬಿಸಿಯಿದ್ದಾಗಲೂ ಅಳೆಯಿರಿ, ಒಳಗೆ ತಂತಿ ಬಿರುಕು ಬಿಟ್ಟಿದ್ದರೆ ಆಗಲೇ ಗೊತ್ತಾಗುವುದು. ಕಾಯಿಲ್ ಸರಿಯಿದ್ದರೆ ಬ್ರೇಕ್ ತಟ್ಟೆಯ ಮೂರು ಸೀಳುಗಳಲ್ಲಿ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ, ಪಕ್ಕದ ನಟ್ ಬಿಗಿಯುತ್ತ ಗೇಜ್ ತುಸು ಹಿಡಿದಂತಾಗುವವರೆಗೆ ಅಂತರ ಇಳಿಸಿ. ಮೂರೂ ಕಡೆ ಒಂದೇ ಅಳತೆ. ಒಂದೇ ಸುತ್ತಿನಲ್ಲಿ ಮುಗಿಸದೆ ಮತ್ತೊಮ್ಮೆ ನೋಡಿ, ಏಕೆಂದರೆ ಒಂದನ್ನು ಬಿಗಿದರೆ ಉಳಿದೆರಡು ಕದಲುತ್ತವೆ. ಸ್ವಲ್ಪ ಹೆಚ್ಚೇ ಇರಲಿ ಎಂದು ಅತಿ ಬಿಗಿದರೆ ತಟ್ಟೆ ಸದಾ ಉಜ್ಜುತ್ತ ಕಾದು ನೀಲಿಯಾಗುತ್ತದೆ. ಮಾದರಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ. ತುಕ್ಕು ಹಿಡಿದ ಕನೆಕ್ಟರನ್ನೂ ಉಜ್ಜಿ. ಅಲ್ಲಿ 1 ವೋಲ್ಟ್ ಸೋರಿದರೂ ಸೆಳೆತ 16% ಕುಸಿಯುತ್ತದೆ.

ಇಷ್ಟಾದ ಮೇಲೆ ಬೆಲ್ಟ್ ಹೊಗೆಯಾಡಿದರೆ ಕ್ಲಚ್ ಬಿಟ್ಟು ಡೆಕ್ಕಿನತ್ತ, ಅಂದರೆ ಬ್ಲೇಡುಗಳಿರುವ ಕೆಳಗಿನ ಕವಚದತ್ತ ನೋಡಿ. ಬೆಲ್ಟ್ ತೆಗೆದು ಪ್ರತಿ ಸ್ಪಿಂಡಲ್ (ಬ್ಲೇಡಿನ ಅಚ್ಚು) ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಗರಗರ ಎಂದ ಬೇರಿಂಗನ್ನು ಬದಲಿಸಿ.