ವಾರ್ನಿಂಗ್ ಸೊನ್ನೆ ಮಾಡಿಕೊಡಿ ಅಂತ ಕೇಳಬೇಡಿ

"ಸರ್, ಮಾರ್ಚ್ ಒಳಗೆ ವಾರ್ನಿಂಗ್ ಸೊನ್ನೆಗೆ ಬರಬೇಕು." ಹಳೆಯ ಕೋಡ್ ನೋಡಿಕೊಡಿ ಅಂತ ಕರೆಯುವವರು ಮೊದಲ ದಿನವೇ ಹೇಳುವ ಮಾತು ಇದು. ಸೋನಾರ್‌ಕ್ಯೂಬೋ ಕ್ಲಾಂಗ್-ಟೈಡಿಯೋ, ಅಂತೂ ಕೋಡ್ ಓದಿ ತಪ್ಪಿರಬಹುದಾದ ಕಡೆ ವಾರ್ನಿಂಗ್ ಕೊಡುವ ಒಂದು ಟೂಲ್ ಓಡಿಸಿರುತ್ತಾರೆ. ಹತ್ತು ಲಕ್ಷ ಸಾಲಿನ ಕೋಡ್, ಸಾವಿರಾರು ವಾರ್ನಿಂಗ್. ಆ ಸಂಖ್ಯೆ ನೋಡಿಯೇ ಎದೆ ಧಸಕ್ ಅಂದಿರುತ್ತದೆ, ಪಾಪ.

ಸೊನ್ನೆ ಮಾಡುವುದು ಕಷ್ಟವೇ ಅಲ್ಲ. ಒಂದು ಕಂಪನಿಯಲ್ಲಿ ಹೊಸದಾಗಿ ಸೇರಿದ ಹುಡುಗ ಮೂರೇ ವಾರದಲ್ಲಿ ಮಾಡಿದ್ದ. 'ಈ ಪಾಯಿಂಟರ್ (ಡೇಟಾ ಎಲ್ಲಿದೆ ಅಂತ ತೋರಿಸುವಂಥದ್ದು) ನಲ್, ಅಂದರೆ ಖಾಲಿ, ಇರಬಹುದು' ಅಂತ ಟೂಲ್ ಹೇಳಿದ ಕಡೆಯಲ್ಲೆಲ್ಲ, 'ನಲ್ ಇದ್ದರೆ ಸುಮ್ನೆ ವಾಪಸ್ ಹೋಗು' ಅನ್ನುವ ಸಾಲು ಸೇರಿಸಿದ್ದ. ಮೊದಲು ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿತ್ತು, ಗಲಾಟೆ ಆಗುತ್ತಿತ್ತು, ಯಾರೋ ಹುಡುಕಿ ಸರಿ ಮಾಡುತ್ತಿದ್ದರು. ಈಗ ಕ್ರ್ಯಾಶ್ ಇಲ್ಲ. ಗ್ರಾಹಕರ ಆರ್ಡರ್ ಮಾತ್ರ ಸೇವ್ ಆಗದೆ ಮಾಯ. ಪಾಯಿಂಟರ್ ಎಲ್ಲಿಂದ ನಲ್ ಆಗಿ ಬರುತ್ತಿದೆ ಅಂತ ಯಾರೂ ಹಿಂದಕ್ಕೆ ಹೋಗಿ ನೋಡಿರಲಿಲ್ಲ. ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಅವನಿಗೆ ಕೊಟ್ಟ ಕೆಲಸವೇ ಅದು, ಅಲ್ವಾ?

ಪಳಗಿದವರೂ ಇಲ್ಲಿ ಎಡವಿದ್ದಾರೆ. 2006ರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ, ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಹೀಗೇ ಆಯಿತು. ಇನಿಶಿಯಲೈಸ್ ಆಗದ, ಅಂದರೆ ಇನ್ನೂ ಏನೂ ತುಂಬದ, ಮೆಮೊರಿ ಬಳಸುತ್ತಿದೆ ಅಂತ ವ್ಯಾಲ್‌ಗ್ರೈಂಡ್ ಅನ್ನುವ ಮೆಮೊರಿ ತಪ್ಪು ಹುಡುಕುವ ಟೂಲ್ ಗೊಣಗುತ್ತಿತ್ತು. ಡೆಬಿಯನ್‌ನವರು ಎರಡು ಸಾಲನ್ನು ಕಾಮೆಂಟ್ ಮಾಡಿದರು, ಅಂದರೆ ಓಡದಂತೆ ಮಾಡಿದರು. ಓಪನ್‌ಎಸ್‌ಎಸ್‌ಎಲ್‌ನವರನ್ನು ವಿಚಾರಿಸಿಯೂ ಇದ್ದರು. ಗೊಣಗಾಟ ನಿಂತಿತು. ಆದರೆ ಅದರಲ್ಲಿ ಒಂದು ಸಾಲು ರಾಂಡಮ್ ಸಂಖ್ಯೆಗೆ ಬೇಕಾದ ಸರಕನ್ನೆಲ್ಲ ಬೆರೆಸುವಂಥದ್ದು. ಅದು ಹೋದ ಮೇಲೆ ಉಳಿದದ್ದು ಹೆಚ್ಚುಕಮ್ಮಿ ಪ್ರೋಸೆಸ್ ಐಡಿ, ಅಂದರೆ ಓಡುವ ಪ್ರೋಗ್ರಾಂಗೆ ಸಿಸ್ಟಮ್ ಕೊಡುವ ಸಂಖ್ಯೆ, ಒಂದೇ. ಸಾಮಾನ್ಯವಾಗಿ ಅದಕ್ಕೆ 32,768ರ ಒಳಗಿನ ಸಂಖ್ಯೆಗಳಷ್ಟೇ. ಅದರಿಂದ ಹುಟ್ಟಿದ ಎಸ್‌ಎಸ್‌ಎಚ್ ಕೀಗಳನ್ನು (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಗುಟ್ಟಿನ ಕೀಗಳು) ಒಂದೊಂದಾಗಿ ಹಾಕಿ ನೋಡಿಯೇ ಹಿಡಿಯಬಹುದಿತ್ತು. ಲೋಕಕ್ಕೆ ಗೊತ್ತಾದದ್ದು 2008ರ ಮೇ ತಿಂಗಳಲ್ಲಿ.

ವಾರ್ನಿಂಗ್ ಎಲ್ಲವೂ ನಿಜ ಅಂತ ನಾನೇನೂ ಹೇಳುತ್ತಿಲ್ಲ. ಸುಳ್ಳು ವಾರ್ನಿಂಗ್ ಬಂದೇ ಬರುತ್ತವೆ. ಎಷ್ಟು ಅಂತ ನಿಮ್ಮ ಕೋಡ್ ನೋಡದೆ ಹೇಳಲಾರೆ. ಸಾಮಾನ್ಯವಾಗಿ ನಾನು ಹಳೆಯದನ್ನು ಇದ್ದಲ್ಲೇ ಬಿಟ್ಟು, ಇವತ್ತಿನಿಂದ ಬರೆಯುವ ಕೋಡಿಗೆ ಮಾತ್ರ ಟೂಲನ್ನು ಬಿಗಿ ಮಾಡಿಸುತ್ತೇನೆ. ಹಳೆಯ ಫೈಲಿಗೆ ಕೈ ಹಾಕಿದ ದಿನ ಅದರ ವಾರ್ನಿಂಗ್ ನೋಡಿದರಾಯಿತು. ಸೆಕ್ಯುರಿಟಿಗೆ ಸಂಬಂಧಿಸಿದ್ದು ಮಾತ್ರ ಹಾಗೆ ಕಾಯುವಂತಿಲ್ಲ.

ಬಾಯಿ ಮುಚ್ಚಿಸಲೇಬೇಕಾದ ವಾರ್ನಿಂಗ್ ಇದ್ದರೆ, ಪಕ್ಕದಲ್ಲಿ ಕಾರಣ ಬರೆಯಿರಿ. ಒಂದು ಸಾಲು ಸಾಕು. ಟೂಲಿಗೆ ಇಲ್ಲಿ ಸುಮ್ಮನಿರು ಅನ್ನುವ 'ನೋಲಿಂಟ್' ಅಂತ ಒಂದೇ ಪದ ಬರೆದು ಹೋದವರ ಫೈಲನ್ನು ಒಮ್ಮೆ ರಾತ್ರಿ ಹನ್ನೊಂದರ ತನಕ ಓದಿದ್ದೇನೆ. ಬರೆದವರನ್ನೇ ಕೇಳೋಣ ಅಂದರೆ, ಅವರು ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.